ಕುರಿಮಂದೆ ಅನ್ನೋ ಮುಂಚೆ

ಉದ್ದ ಇದೆ. ಪುರುಸೊತ್ತು ಮಾಡ್ಕೊಂಡು ಓದಿ. ಸಾಧ್ಯವಾದರೆ ಓದಲು ಬಾರದ ಅಕ್ಕಂದಿರಿಗೆ ಓದಿ ಹೇಳಿ.

2025ರ ಜನವರಿಯಲ್ಲಿ ಚಾಮರಾಜನಗರದ ಕಡೆ ಮನೆಗೆ ಬೀಗ ಜಡಿದು ಊರು ಬಿಟ್ಟ ಕುಟುಂಬಗಳ ಸುದ್ದಿ ಬಂತಲ್ಲ, ಮೈಕ್ರೋಫೈನಾನ್ಸ್ ಕಂತಿನ ಕಾಟಕ್ಕೆ. ಆಗ ಒಂದು ಮಾತು ಎಲ್ಲ ಕಡೆ ಓಡಾಡ್ತು. "ಇವ್ರಿಗೆ ಸಾಲ ಮಾಡಿ ಅಂತ ಯಾರು ಹೇಳಿದ್ರು? ಪಕ್ಕದ ಮನೆಯವಳು ತಗೊಂಡ್ಳು ಅಂತ ಇವಳೂ ತಗೊಂಡ್ಳು. ಕುರಿಮಂದೆ." ಟೀ ಅಂಗಡಿಯಲ್ಲಿ ಕೇಳಿದ್ದೀನಿ, ಬಸ್ಸಿನಲ್ಲಿ ಕೇಳಿದ್ದೀನಿ, ನಮ್ಮದೇ ಓದಿದ ಹುಡುಗರ ಬಾಯಲ್ಲೂ ಕೇಳಿದ್ದೀನಿ. ಟೀ ಅಂಗಡಿಯವರಿಗೆ ಉತ್ತರ ಕೊಡೋಕೆ ನನಗೆ ಆಸಕ್ತಿ ಇಲ್ಲ. ನಮ್ಮ ಹುಡುಗರಿಗಾಗಿ ಇದನ್ನ ಬರೀತಿದ್ದೀನಿ.

ಹಣದ ವಿಷಯದಲ್ಲಿ ಜನ ಗುಂಪಿನ ಹಿಂದೆ ಹೋಗ್ತಾರೆ. ಇದು ನಿಜ. ಬಡವರು ಮಾತ್ರ ಹೋಗ್ತಾರೆ ಅನ್ನೋದು ಸುಳ್ಳು. ದಡ್ಡತನದಿಂದ ಹೋಗ್ತಾರೆ ಅನ್ನೋದು ಇನ್ನೂ ದೊಡ್ಡ ಸುಳ್ಳು. ಯಾಕೆ ಹೋಗ್ತಾರೆ ಅಂತ ಸರಿಯಾಗಿ ಅರ್ಥ ಮಾಡ್ಕೊಳ್ಳದೆ ಹೋದರೆ ನಾವು ನಮ್ಮ ಅವ್ವಂದಿರಿಗೆ ಬುದ್ಧಿ ಹೇಳ್ತಾ ಕೂತಿರ್ತೀವಿ, ಅತ್ತ ಕಡೆ ಇನ್ನೊಂದು ಕಂಪನಿ ಕೇರಿಗೆ ಬಂದು ಮೀಟಿಂಗ್ ಮಾಡಿ ಹೋಗಿರುತ್ತೆ.

ಮೊದಲು ಓದಿದವರ ಮಂದೆಯನ್ನೇ ನೋಡೋಣ. ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಒಂದು ಅಧ್ಯಯನ ಬಿಡುಗಡೆ ಮಾಡಿತು. ಫ್ಯೂಚರ್ಸ್ ಮತ್ತು ಆಪ್ಷನ್ಸ್ ಅನ್ನೋ ಜೂಜಿನಂಥ ವಹಿವಾಟಿನಲ್ಲಿ 2021-22ರಿಂದ 2023-24ರವರೆಗಿನ ಮೂರು ವರ್ಷ ದುಡ್ಡು ಹಾಕಿದ ವ್ಯಕ್ತಿಗಳಲ್ಲಿ ಶೇ. 93 ಮಂದಿ ಕಳೆದುಕೊಂಡಿದ್ದಾರೆ. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ಕೈಯಲ್ಲಿ ಸ್ಮಾರ್ಟ್‌ಫೋನು, ಡಿಮ್ಯಾಟ್ ಖಾತೆ ಇರುವವರು ಇವರು. ಗೆಳೆಯ ಸ್ಕ್ರೀನ್‌ಶಾಟ್ ಕಳಿಸಿದ, ಯೂಟ್ಯೂಬಿನಲ್ಲಿ ಯಾರೋ ಕಾರು ತೋರಿಸಿದ, ಇವರೂ ಹಾಕಿದರು. ಇವರನ್ನು ಯಾರೂ ಕುರಿಮಂದೆ ಅನ್ನಲ್ಲ. "ರಿಸ್ಕ್ ತಗೊಂಡ" ಅಂತಾರೆ.

ಬೆಂಗಳೂರು ಬಸವನಗುಡಿಯ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನದೂ ಅದೇ ಕತೆ. 2020ರ ಜನವರಿಯಲ್ಲಿ ರಿಸರ್ವ್ ಬ್ಯಾಂಕು ನಿರ್ಬಂಧ ಹೇರಿ, ಒಬ್ಬ ಠೇವಣಿದಾರ 35,000 ರೂಪಾಯಿಗಿಂತ ಹೆಚ್ಚು ತೆಗೆಯೋ ಹಾಗಿಲ್ಲ ಅಂದಾಗ ಗೇಟಿನ ಮುಂದೆ ನಿಂತವರಲ್ಲಿ ನಿವೃತ್ತ ನೌಕರರು, ಹಿರಿಯ ನಾಗರಿಕರು ಬಹಳ ಮಂದಿ ಇದ್ದರು. ಜೀವಮಾನದ ಉಳಿತಾಯ ಇಟ್ಟವರು. ಅದಕ್ಕೂ ಏಳು ತಿಂಗಳ ಹಿಂದೆ, 2019ರ ಜೂನ್‌ನಲ್ಲಿ, ಅದೇ ಬೆಂಗಳೂರಿನಲ್ಲಿ ಐಎಂಎ ಮುಳುಗಿ ಸಾವಿರಾರು ಮುಸ್ಲಿಂ ಕುಟುಂಬಗಳು ಬೀದಿಗೆ ಬಂದಿದ್ದವು. ಬಡ್ಡಿ ಹರಾಮು, ಇದು ಲಾಭದ ಪಾಲು ಅಂತ ಹೇಳಿ ಹಣ ಕೂಡಿಸಿದ್ದ ಕಂಪನಿ ಅದು. ಎರಡೂ ಕಡೆ ಇಟ್ಟವರು ಬ್ಯಾಲೆನ್ಸ್ ಶೀಟು ಓದಿ ಇಟ್ಟಿದ್ದಲ್ಲ. ನಮ್ಮ ಷಡ್ಡಕ ಇಟ್ಟಿದ್ದಾನೆ, ನಮ್ಮ ಮೇಷ್ಟ್ರು ಇಟ್ಟಿದ್ದಾರೆ, ನಮ್ಮವರದೇ ಸಂಸ್ಥೆ. ಅಷ್ಟೇ ಲೆಕ್ಕ.

ಈ ನಡವಳಿಕೆ ಬಗ್ಗೆ ಅರ್ಥಶಾಸ್ತ್ರಜ್ಞ ಅಭಿಜಿತ್ ಬ್ಯಾನರ್ಜಿ 1992ರಲ್ಲೇ ಒಂದು ಪ್ರಬಂಧ ಬರೆದರು. ಇವರು 2019ರಲ್ಲಿ ನೊಬೆಲ್ ಪಡೆದವರು. ಅವರ ಮಾತನ್ನು ನಮ್ಮ ಭಾಷೆಯಲ್ಲಿ ಹೇಳೋದಾದರೆ ಹೀಗೆ. ಅಕ್ಕಪಕ್ಕ ಎರಡು ಹೋಟೆಲ್ ಇವೆ. ಯಾವುದು ಚೆನ್ನಾಗಿದೆ ಅಂತ ಪ್ರತಿಯೊಬ್ಬರಿಗೂ ಅಷ್ಟಿಷ್ಟು ಸುಳಿವು ಇದೆ, ಯಾರಿಗೂ ಪೂರ್ತಿ ಗೊತ್ತಿಲ್ಲ. ನೂರು ಜನರಲ್ಲಿ ತೊಂಬತ್ತೊಂಬತ್ತು ಮಂದಿಗೆ ಎಡಗಡೆಯದು ಒಳ್ಳೇದು ಅಂತ ಸುಳಿವಿದೆ. ಒಬ್ಬನಿಗೆ ಮಾತ್ರ ಬಲಗಡೆಯದು ಅಂತ. ದುರದೃಷ್ಟಕ್ಕೆ ಅವನೇ ಮೊದಲು ಬಂದು ಬಲಗಡೆ ಹೋಗಿ ಕೂತ. ಎರಡನೆಯವಳು ಬಂದಳು. ಅವಳ ಸುಳಿವು ಎಡ ಅನ್ನುತ್ತೆ, ಒಳಗೆ ಕೂತವನು ಬಲ ಅಂತಿದ್ದಾನೆ. "ಅವನಿಗೆ ಏನೋ ಗೊತ್ತಿರಬೇಕು" ಅಂತ ಅವಳೂ ಬಲಕ್ಕೆ ಹೋದಳು. ಮೂರನೆಯವನಿಗೆ ಇಬ್ಬರು ಕೂತಿರೋದು ಕಾಣುತ್ತೆ. ಅವರ ತಲೆಯಲ್ಲಿ ಏನಿತ್ತು ಅನ್ನೋದು ಕಾಣಲ್ಲ. ಅವನೂ ಬಲಕ್ಕೆ. ಕೊನೆಗೆ ನೂರು ಜನವೂ ಕೆಟ್ಟ ಹೋಟೆಲಲ್ಲಿ ಊಟ ಮಾಡ್ತಾರೆ, ಒಳ್ಳೇದು ಖಾಲಿ.

ಇಲ್ಲಿ ಗಮನಿಸಬೇಕಾದ್ದು, ಯಾರೂ ಮೂರ್ಖರಲ್ಲ. ತನಗೆ ಗೊತ್ತಿಲ್ಲದ್ದು ಇನ್ನೊಬ್ಬರಿಗೆ ಗೊತ್ತಿರಬಹುದು ಅಂದ್ಕೊಳ್ಳೋದು ವಿವೇಕವೇ. ಅನಾಹುತ ಆಗೋದು ಬೇರೆ ಕಾರಣಕ್ಕೆ. ಜನ ಏನು ಮಾಡಿದರು ಅಂತ ಮುಂದಿನವರಿಗೆ ಕಾಣುತ್ತೆ, ಅವರಿಗೆ ಏನು ಗೊತ್ತಿತ್ತು ಅಂತ ಕಾಣಲ್ಲ. ನೂರು ಜನ ಸೇರಿದ ಹಾಗೆ ಕಾಣುತ್ತೆ, ನಿಜವಾಗಿ ಅಲ್ಲಿರೋದು ಒಬ್ಬನ ಅಭಿಪ್ರಾಯ, ತೊಂಬತ್ತೊಂಬತ್ತು ಜನರ ಮೌನ.

ಈಗ ಇದನ್ನ ನಮ್ಮ ಕೇರಿಗೆ ತನ್ನಿ. ಹತ್ತು ಜನ ಹೆಣ್ಣುಮಕ್ಕಳ ಗುಂಪು ಅಂದ್ಕೊಳ್ಳಿ. ಫೈನಾನ್ಸ್‌ನವರು ಮೊದಲು ಬರೋದು ಕೇರಿಯಲ್ಲಿ ಸ್ವಲ್ಪ ಮಾತು ಬಲ್ಲವಳ ಮನೆಗೆ. ಅವಳಿಗೆ ಹಸು ಇದೆ, ಡೇರಿಗೆ ಹಾಲು ಹಾಕ್ತಾಳೆ, ಹದಿನೈದು ದಿನಕ್ಕೊಮ್ಮೆ ಬಟವಾಡೆ ಬರುತ್ತೆ. ಅವಳ ಲೆಕ್ಕಕ್ಕೆ ಸಾಲ ಸರಿಹೋಗುತ್ತೆ, ತಗೊಂಡಳು. ಎರಡನೆಯವಳಿಗೆ ಅನುಮಾನ ಇತ್ತು, ಮೊದಲನೆಯವಳನ್ನು ನೋಡಿ ಸಹಿ ಹಾಕಿದಳು. ಮೂರನೆಯವಳು ಇಬ್ಬರನ್ನು ನೋಡಿದಳು. ಹತ್ತನೆಯವಳು ಕೂಲಿ. ಮಳೆ ಬಂದರೆ ಕೆಲಸ ಇಲ್ಲ, ಮಳೆ ಬರದಿದ್ದರೂ ಕೆಲಸ ಇಲ್ಲ. ಅವಳಿಗೆ ಕಾಣೋದು ಒಂಬತ್ತು ಸಹಿ. ಒಂಬತ್ತು ಜನ ಯೋಚನೆ ಮಾಡಿಯೇ ಹಾಕಿರ್ತಾರೆ ಅಂತ ಅವಳಿಗೆ ಅನಿಸೋದು ಸಹಜ. ಆ ಒಂಬತ್ತರಲ್ಲಿ ಹಸುವಿನ ಲೆಕ್ಕ ಹಾಕಿದವಳು ಒಬ್ಬಳೇ ಅನ್ನೋದು ಅವಳಿಗೆ ಯಾರು ಹೇಳಬೇಕು? ಎರಡನೆಯವಳು ತನ್ನ ಅನುಮಾನವನ್ನ ಬಾಯಿಬಿಟ್ಟು ಹೇಳಿದ್ದರೆ ಗುಂಪಿನ ದಾರಿಯೇ ಬೇರೆ ಆಗ್ತಿತ್ತು. ಅವಳು ಹೇಳಲಿಲ್ಲ. ಹೇಳೋ ಜಾಗವನ್ನು ಆ ಮೀಟಿಂಗಿನಲ್ಲಿ ಯಾರೂ ಇಟ್ಟಿರಲಿಲ್ಲ.

ಇನ್ನು ಸಾಲ ಕೊಟ್ಟ ಕಂಪನಿಗಳು. ಅವರೂ ಮಂದೆಯೇ, ಇದನ್ನ ಯಾರೂ ಮಾತಾಡಲ್ಲ. ಮೊದಲ ಕಂಪನಿ ಒಂದು ಹಳ್ಳಿಗೆ ಹೋಗಿ ಗುಂಪು ಕಟ್ಟುತ್ತೆ, ಹಾಜರಿ ಹಾಕೋದು ಕಲಿಸುತ್ತೆ, ಕಂತು ಸರಿಯಾಗಿ ಬರುತ್ತೆ. ಎರಡನೇ ಕಂಪನಿ ಹೊಸ ಹಳ್ಳಿ ಹುಡುಕಲ್ಲ. ಅಲ್ಲಿ ಕಂತು ಸರಿಯಾಗಿ ಬರ್ತಿದೆಯಂತೆ ಅಂತ ಅದೇ ಹಳ್ಳಿಗೆ, ಅದೇ ಹೆಂಗಸರ ಹತ್ತಿರ ಬರುತ್ತೆ. ಮೂರನೆಯದೂ ಬರುತ್ತೆ. ಎರಡನೇ ಸಾಲದ ದುಡ್ಡಲ್ಲಿ ಮೊದಲನೆಯದರ ಕಂತು, ಮೂರನೆಯದರಲ್ಲಿ ಎರಡನೆಯದರ ಕಂತು. ಕಾಗದದಲ್ಲಿ ಮಾತ್ರ ಎಲ್ಲರ ವಸೂಲಿಯೂ ಅಮೋಘ. ಇದು ಎಲ್ಲಿಗೆ ಹೋಗಿತ್ತು ಅಂದ್ರೆ, ಮೈಕ್ರೋಫೈನಾನ್ಸ್ ಉದ್ಯಮದ ಸ್ವಯಂ ನಿಯಂತ್ರಣ ಸಂಸ್ಥೆಯೇ 2024ರಲ್ಲಿ ಒಬ್ಬರಿಗೆ ನಾಲ್ಕಕ್ಕಿಂತ ಹೆಚ್ಚು ಕಂಪನಿಗಳು ಸಾಲ ಕೊಡಬಾರದು ಅಂತ ಹೇಳಬೇಕಾಯ್ತು. ಆಮೇಲೆ ಅದನ್ನ ಮೂರಕ್ಕೆ ಇಳಿಸಬೇಕಾಯ್ತು. ಅದೇ ವರ್ಷ ಅಕ್ಟೋಬರ್‌ನಲ್ಲಿ ರಿಸರ್ವ್ ಬ್ಯಾಂಕು ವಿಪರೀತ ಬಡ್ಡಿಯ ಕಾರಣಕ್ಕೆ ನಾಲ್ಕು ಹಣಕಾಸು ಕಂಪನಿಗಳಿಗೆ ಹೊಸ ಸಾಲ ಕೊಡದಂತೆ ತಡೆ ಹಾಕಿತು.

ಇದು ಮೊದಲ ಸಲ ಆಗಿದ್ದೂ ಅಲ್ಲ. 2010ರ ಆಗಸ್ಟ್‌ನಲ್ಲಿ ಆಂಧ್ರದಲ್ಲಿ ಬೆಳೆದ ಒಂದು ದೊಡ್ಡ ಮೈಕ್ರೋಫೈನಾನ್ಸ್ ಕಂಪನಿ ಷೇರು ಮಾರುಕಟ್ಟೆಗೆ ಬಂದಾಗ ಹೂಡಿಕೆದಾರರು ಮುಗಿಬಿದ್ದು ಷೇರು ಕೇಳಿದರು. ಎರಡೇ ತಿಂಗಳಲ್ಲಿ, ಅಕ್ಟೋಬರ್‌ನಲ್ಲಿ, ಆತ್ಮಹತ್ಯೆಗಳ ವರದಿಗಳ ನಡುವೆ ಆಂಧ್ರ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯ್ತು. ಷೇರಿಗೆ ಮುಗಿಬಿದ್ದವರದು ಮಾರುಕಟ್ಟೆಯ ಉತ್ಸಾಹ. ತೆಲಂಗಾಣದ ಹಳ್ಳಿಯಲ್ಲಿ ಸಹಿ ಹಾಕಿದ ಹೆಂಗಸಿನದು ಅಜ್ಞಾನ. ಭಾಷೆಯೇ ಹೇಳುತ್ತೆ ಯಾರ ಕಡೆ ಇದ್ದೀವಿ ಅಂತ.

ಗುಂಪಿನ ಹಿಂದೆ ಹೋಗೋದಕ್ಕೆ ಇನ್ನೊಂದು ಕಾರಣ ಇದೆ. 1936ರಲ್ಲಿ ಕೇನ್ಸ್ ತಮ್ಮ ದೊಡ್ಡ ಪುಸ್ತಕದಲ್ಲಿ ಷೇರುಪೇಟೆಯವರ ಬಗ್ಗೆ ಒಂದು ಸೂಕ್ಷ್ಮ ಹೇಳಿದ್ದಾರೆ. ಎಲ್ಲರಂತೆ ನಡೆದು ಸೋತವನ ಹೆಸರು ಕೆಡಲ್ಲ, ಎಲ್ಲರಿಗಿಂತ ಬೇರೆಯಾಗಿ ನಡೆದು ಗೆದ್ದವನನ್ನೂ ಲೋಕ ಅನುಮಾನದಿಂದಲೇ ನೋಡುತ್ತೆ ಅನ್ನೋ ಅರ್ಥದ ಮಾತು ಅದು. ಅವರು ಬರೆದಿದ್ದು ಲಂಡನ್ನಿನ ಹಣವಂತರ ಬಗ್ಗೆ. ನಮಗೆ ಅದು ಹತ್ತು ಪಟ್ಟು ನಿಜ. ಊರಿನವರೆಲ್ಲ ಟೊಮೆಟೊ ಹಾಕಿ ಬೆಲೆ ಬಿದ್ದರೆ, "ಎಲ್ಲರಿಗೂ ಹೋಯ್ತು ಬಿಡು" ಅಂತಾರೆ. ಒಬ್ಬ ದಲಿತ ಹುಡುಗ ತನ್ನ ಒಂದೆಕರೆಯಲ್ಲಿ ಹೊಸದೇನೋ ಬೆಳೆದು ಕೈ ಸುಟ್ಟುಕೊಂಡರೆ, "ಇವ್ನಿಗ್ಯಾಕೆ ಬೇಕಿತ್ತು ಇದೆಲ್ಲ" ಅಂತಾರೆ. ಆ "ಇವ್ನಿಗ್ಯಾಕೆ"ಯಲ್ಲಿ ಏನಿದೆ ಅಂತ ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಗುಂಪಿನ ಜೊತೆ ಸೋತರೆ ನಷ್ಟ ದುಡ್ಡಿನದು ಮಾತ್ರ. ಒಂಟಿಯಾಗಿ ಸೋತರೆ ದುಡ್ಡಿನ ಜೊತೆ ಮಾನವೂ ಹೋಗುತ್ತೆ, ಇಡೀ ಜಾತಿಯ ಯೋಗ್ಯತೆಯ ಮಾತು ಬರುತ್ತೆ. ಅದಕ್ಕೇ ನಮ್ಮ ಜನ ಗುಂಪು ಬಿಟ್ಟು ಆಚೆ ಕಾಲಿಡಲ್ಲ. ಅವರು ಅಪಾಯದ ಲೆಕ್ಕ ಹಾಕಿಯೇ ಇರ್ತಾರೆ.

ಇಲ್ಲಿಗೆ ಅಸಲು ವಿಷಯಕ್ಕೆ ಬಂದ್ವಿ. ಈ ದೇಶದಲ್ಲಿ ಗುಂಪು ಅಂದರೆ ಸುಮ್ಮನೆ ಸೇರಿದ ಜನ ಅಲ್ಲ, ಜಾತಿ. ಯಾವ ಗುಂಪಿನ ಹಿಂದೆ ಹೋಗಬಹುದು ಅನ್ನೋದನ್ನು ಹುಟ್ಟು ನಿರ್ಧರಿಸುತ್ತೆ. ಮೇಲ್ಜಾತಿಯ ಹುಡುಗ ತನ್ನ ಗುಂಪಿನ ಹಿಂದೆ ಹೋದರೆ ಅಲ್ಲಿ ಲೇವಾದೇವಿ ಗೊತ್ತಿರೋ ಚಿಕ್ಕಪ್ಪ ಇರ್ತಾನೆ, ಬ್ಯಾಂಕಿನಲ್ಲಿ ಮ್ಯಾನೇಜರು ಭಾವ ಇರ್ತಾನೆ, ಮಂಡಿಯಲ್ಲಿ ಪರಿಚಯದ ಸಾಹುಕಾರ ಇರ್ತಾನೆ, ಜಾತಿಯ ಸಹಕಾರ ಸಂಘ ಇರುತ್ತೆ. ಅವನ ಗುಂಪಿನಲ್ಲಿ ಹತ್ತು ತರದ ಮಾಹಿತಿ ಓಡಾಡುತ್ತೆ. ಅದಕ್ಕೆ ನೆಟ್‌ವರ್ಕ್ ಅನ್ನೋ ಮರ್ಯಾದೆಯ ಹೆಸರು. ನಮ್ಮ ಹೆಣ್ಣುಮಗಳು ತನ್ನ ಗುಂಪಿನ ಹಿಂದೆ ಹೋದರೆ ಅಲ್ಲಿರೋದು ಅವಳಂಥದ್ದೇ ಕೂಲಿಯ ಹತ್ತು ಮನೆ. ಒಂದು ಮನೆಗೆ ಗೊತ್ತಿರೋದೇ ಹತ್ತು ಮನೆಗೂ ಗೊತ್ತಿರೋದು. ಮಂಡಿಯ ಸುದ್ದಿ, ಬ್ಯಾಂಕಿನ ಸುದ್ದಿ ಕೇರಿ ತನಕ ನಡೆದು ಬರೋದೇ ಇಲ್ಲ. ಕೇರಿಯನ್ನು ಊರಿಂದಾಚೆ ಇಟ್ಟಾಗ ಬಾವಿ, ದೇವಸ್ಥಾನ ಮಾತ್ರ ದೂರ ಆಗಲಿಲ್ಲ. ಮಾಹಿತಿಯೂ ದೂರ ಆಯ್ತು.

ಗೊತ್ತಿದ್ದವರು ನಮ್ಮಲ್ಲಿ ಇದ್ದರೆ ಸಾಕಾ? ಅದಕ್ಕೂ ಉತ್ತರ ಇದೆ. ಬಾಬಾಸಾಹೇಬರು ಕೊಲಂಬಿಯಾದಲ್ಲಿ ಅರ್ಥಶಾಸ್ತ್ರ ಓದಿ, ಲಂಡನ್ನಿನಲ್ಲಿ ಓದು ಅರ್ಧಕ್ಕೆ ನಿಲ್ಲಿಸಿ 1917ರಲ್ಲಿ ವಾಪಸ್ ಬಂದರು. ಬರೋಡಾದಲ್ಲಿ ಉಳಿಯೋಕೆ ಮನೆ ಸಿಗದೆ ಮುಂಬೈಗೆ ಮರಳಿದರು. ಹೊಟ್ಟೆಪಾಡಿಗೆ ಷೇರು ವ್ಯವಹಾರದವರಿಗೆ ಸಲಹೆ ಕೊಡೋ ಒಂದು ಸಣ್ಣ ಸಂಸ್ಥೆ ಶುರು ಮಾಡಿದರು. ಸಲಹೆ ಕೊಡೋನು ಅಸ್ಪೃಶ್ಯ ಅಂತ ಗೊತ್ತಾದ ಮೇಲೆ ಗಿರಾಕಿಗಳು ಬರೋದು ನಿಂತಿತು, ಸಂಸ್ಥೆ ಮುಚ್ಚಿತು. ಅವರ ಜೀವನಚರಿತ್ರೆಗಳಲ್ಲಿ ಇದು ದಾಖಲಾಗಿದೆ. ಯೋಚನೆ ಮಾಡಿ. 1923ರಲ್ಲಿ ರೂಪಾಯಿಯ ಸಮಸ್ಯೆ ಮೇಲೆ ಪುಸ್ತಕ ತಂದ ಮನುಷ್ಯ, ಆ ಕಾಲದ ಮುಂಬೈಯಲ್ಲಿ ಹಣದ ಬಗ್ಗೆ ಅವರಷ್ಟು ಓದಿದವರು ಎಷ್ಟು ಜನ ಇದ್ದಿರಬಹುದು? ಸಲಹೆ ಸರಿಯಿತ್ತಾ ತಪ್ಪಿತ್ತಾ ಅಂತ ಗಿರಾಕಿಗಳು ನೋಡಲಿಲ್ಲ. ಒಬ್ಬ ಬಿಟ್ಟ, ಇನ್ನೊಬ್ಬ ಬಿಟ್ಟ, ಉಳಿದವರೂ ಬಿಟ್ಟರು. ಅದಕ್ಕಿಂತ ದೊಡ್ಡ ಕುರಿಮಂದೆ ಯಾವುದಿದೆ? ಮಾರುಕಟ್ಟೆ ಜಾತಿ ನೋಡಲ್ಲ ಅನ್ನೋರಿಗೆ ಈ ಒಂದು ಘಟನೆ ಸಾಕು. ಮಾರುಕಟ್ಟೆಯಲ್ಲಿ ಓಡೋದು ನಂಬಿಕೆ. ಯಾರನ್ನ ನಂಬಬೇಕು ಅನ್ನೋದನ್ನು ಜಾತಿ ಮೊದಲೇ ಹೇಳಿಕೊಟ್ಟಿರುತ್ತೆ.

ಮದುವೆ, ಗೃಹಪ್ರವೇಶದ ಖರ್ಚಿನ ಮಾತೂ ಬರುತ್ತೆ. "ಸಾಲ ಮಾಡಿ ಕಲ್ಯಾಣ ಮಂಟಪದಲ್ಲಿ ಮದುವೆ ಯಾಕೆ ಬೇಕು? ಅವರಿವರನ್ನ ನೋಡಿ ಮಾಡೋದು." ಇದನ್ನ ಹೇಳೋ ಮೊದಲು ಸ್ವಲ್ಪ ಇತಿಹಾಸ ನೆನಪಿಸ್ಕೊಳ್ಳಿ. 1927ರ ಡಿಸೆಂಬರ್‌ನಲ್ಲಿ ಮಹಾಡ್‌ನ ಎರಡನೇ ಸಮಾವೇಶದಲ್ಲಿ ಬಾಬಾಸಾಹೇಬರು ಹೆಣ್ಣುಮಕ್ಕಳನ್ನು ಉದ್ದೇಶಿಸಿ ಮಾತಾಡಿದಾಗ, ಅಸ್ಪೃಶ್ಯರು ಅಂತ ಗುರುತು ಹಿಡಿಯೋ ಹಾಗೆ ಸೀರೆ ಉಡೋದನ್ನ ಬಿಡಿ, ಗುರುತಿನ ಒಡವೆಗಳನ್ನ ಬಿಡಿ, ಮೇಲ್ಜಾತಿಯವರ ಹಾಗೆಯೇ ಸೀರೆ ಉಡಿ ಅಂತ ಹೇಳಿದರು. ಅದು ಅನುಕರಣೆ ಅಲ್ಲವೇ? ಅನುಕರಣೆಯೇ. ಆದರೆ ಅದರಲ್ಲಿ "ನಿಮಗೂ ನಮಗೂ ವ್ಯತ್ಯಾಸ ಇಲ್ಲ" ಅನ್ನೋ ಘೋಷಣೆ ಇತ್ತು. ನಮ್ಮ ಅಪ್ಪಂದಿರು ಮಗಳ ಮದುವೆ ಮಂಟಪದಲ್ಲೇ ಆಗಬೇಕು ಅಂತ ಹಟ ಮಾಡಿದಾಗ ಅದರಲ್ಲಿ ಆ ಘೋಷಣೆಯ ತುಣುಕೊಂದು ಇದೆ. ಹಿಂದೆ ಊರೊಳಗೆ ಮೆರವಣಿಗೆ ಹೋಗೋಕೂ ಬಿಡದ ಜನರ ಮುಂದೆ ಮಾಡೋ ಖರ್ಚು ಅದು.

ಹಾಗಂತ ಆ ಖರ್ಚನ್ನೆಲ್ಲ ನಾನು ಸಮರ್ಥಿಸ್ತಿಲ್ಲ. ಸೀರೆ ಉಡೋ ರೀತಿ ಬದಲಿಸೋಕೆ ಬಡ್ಡಿ ಕಟ್ಟಬೇಕಾಗಿರಲಿಲ್ಲ. ಇವತ್ತಿನ ಡಿಜೆ, ಡ್ರೋನು, ಫ್ಲೆಕ್ಸಿಗೆ ಕಟ್ಟಬೇಕು, ಅದೂ ವರ್ಷಗಟ್ಟಲೆ. ಸ್ವಾಭಿಮಾನಕ್ಕೆ ಮಾಡಿದ ಖರ್ಚು ಕೊನೆಗೆ ಏಜೆಂಟನ ಮುಂದೆ ಕೈಕಟ್ಟಿ ನಿಲ್ಲಿಸಿದರೆ ಸ್ವಾಭಿಮಾನ ಎಲ್ಲಿ ಉಳೀತು? ಈ ಮಾತನ್ನ ನಮ್ಮವರ ಜೊತೆ ಕೂತು ಪ್ರೀತಿಯಿಂದ ಆಡಬೇಕು. ಕುರಿಮಂದೆ ಅಂತ ಬೈದು ಆಡೋಕೆ ಆಗಲ್ಲ.

ಇನ್ನು ಒಂದು ಪದದ ಬಗ್ಗೆ. ನಮ್ಮ ಕಡೆ ಈ ಸಾಲಕ್ಕೆ ಏನಂತಾರೆ? "ಸಂಘದ ಸಾಲ." ಸಂಘ ಅನ್ನೋದು ಬುದ್ಧನ ಪದ. ನಾವು ದಿನಾ ಹೇಳೋ ಮೂರು ಶರಣುಗಳಲ್ಲಿ ಒಂದು. 70ರ ದಶಕದಿಂದ ಈ ನಾಡಿನ ದಲಿತ ಚಳವಳಿ ಕಟ್ಟಿದ್ದೂ ಸಂಘವನ್ನೇ. ಆ ಪದವನ್ನ ಫೈನಾನ್ಸ್ ಕಂಪನಿಗಳು ಎತ್ತಿಕೊಂಡು ಹೋಗಿ ಏನು ಮಾಡಿದವು ನೋಡಿ. ಗುಂಪಿನಲ್ಲಿ ಒಬ್ಬಳು ಕಂತು ಕಟ್ಟದಿದ್ದರೆ ಉಳಿದವರು ಕಟ್ಟಬೇಕು. ಅಡಮಾನಕ್ಕೆ ಇಡೋಕೆ ನಮ್ಮ ಹತ್ತಿರ ಹೊಲ ಇಲ್ಲ, ಒಡವೆ ಇಲ್ಲ, ಹಾಗಾಗಿ ನಮ್ಮ ನೆರೆಹೊರೆಯನ್ನೇ ಅಡಮಾನಕ್ಕೆ ಇಟ್ಟುಕೊಂಡರು. ಸಾಲ ತಗೊಳ್ಳುವಾಗ ಧೈರ್ಯ ಕೊಟ್ಟ ಅದೇ ಒಂಬತ್ತು ಜನ ಕಂತು ತಪ್ಪಿದ ದಿನ ಬಾಗಿಲ ಮುಂದೆ ನಿಲ್ತಾರೆ. ಏಜೆಂಟ್ ಬೈಕ್ ಮೇಲೆ ಕೂತಿರ್ತಾನೆ, ಬೈಯೋ ಕೆಲಸ ಪಕ್ಕದ ಮನೆಯವಳೇ ಮಾಡ್ತಾಳೆ. ಜನ ಊರು ಬಿಟ್ಟು ಓಡೋದು ಏಜೆಂಟನಿಗೆ ಹೆದರಿ ಮಾತ್ರ ಅಲ್ಲ. ದಿನಾ ಬೆಳಗ್ಗೆ ನಲ್ಲಿ ಹತ್ತಿರ ಮುಖ ನೋಡಬೇಕಾದ ಜನರ ಮುಂದೆ ನಿಲ್ಲೋಕೆ ಆಗದೆ ಓಡ್ತಾರೆ.

ಅದೇ ಗುಂಪು ತಿರುಗಿ ನಿಂತ ಉದಾಹರಣೆಯೂ ನಮ್ಮ ರಾಜ್ಯದಲ್ಲೇ ಇದೆ. 2009ರಲ್ಲಿ ರೇಷ್ಮೆ ಉದ್ಯಮ ಕುಸಿದಿದ್ದಾಗ ಕೋಲಾರದಲ್ಲಿ ಅಂಜುಮನ್ ಸಮಿತಿ ಮೈಕ್ರೋಫೈನಾನ್ಸ್ ಕಂತು ಕಟ್ಟಬೇಡಿ ಅಂತ ಕರೆ ಕೊಟ್ಟಿತು. ಕಂತು ನಿಲ್ಲಿಸೋದು ಕೋಲಾರದಿಂದ ರಾಮನಗರದಂಥ ಬೇರೆ ರೇಷ್ಮೆ ಊರುಗಳಿಗೂ ಹಬ್ಬಿತು. ಕಂಪನಿಗಳು ಬೆಚ್ಚಿಬಿದ್ದವು. ಅದನ್ನ ನಾನು ಮಾದರಿ ಅಂತ ಹೇಳ್ತಿಲ್ಲ. ಅಲ್ಲೂ ನಿರ್ಧಾರ ಮೇಲಿನಿಂದ ಬಂತು, ಹೆಣ್ಣುಮಕ್ಕಳು ಪಾಲಿಸಿದರು. ಸಾಲ ತಗೊಳ್ಳುವಾಗಲೂ ಅವರನ್ನ ಕೇಳಿದವರಿಲ್ಲ, ನಿಲ್ಲಿಸುವಾಗಲೂ ಕೇಳಿದವರಿಲ್ಲ.

ಹಾಗಾದರೆ ಮಂದೆಗೂ ಸಂಘಕ್ಕೂ ಏನು ವ್ಯತ್ಯಾಸ? ನನಗೆ ಅನಿಸೋದು ಇಷ್ಟು. ಮಂದೆಯಲ್ಲಿ ಒಬ್ಬರನ್ನೊಬ್ಬರು ನೋಡ್ತಾರೆ, ಮಾತಾಡಲ್ಲ. ಸಂಘದಲ್ಲಿ ತಮಗೆ ಗೊತ್ತಿರೋದನ್ನ ಪ್ರತಿಯೊಬ್ಬರೂ ಮೊದಲು ಹೊರಗೆ ಹಾಕ್ತಾರೆ, ಆಮೇಲೆ ಒಟ್ಟಿಗೆ ಹೆಜ್ಜೆ ಇಡ್ತಾರೆ. 1927ರ ಮಾರ್ಚ್ 20ರಂದು ಚೌದಾರ್ ಕೆರೆಗೆ ಬಾಬಾಸಾಹೇಬರ ಹಿಂದೆ ಸಾವಿರಾರು ಜನ ನಡೆದರು. ಅದೂ ಗುಂಪೇ. ಆದರೆ ಅದಕ್ಕೂ ಹಿಂದಿನ ದಿನವಿಡೀ ಸಮಾವೇಶ ನಡೆದಿತ್ತು, ಭಾಷಣ, ಚರ್ಚೆ, ನಿರ್ಣಯ ಆಗಿತ್ತು. ಯಾಕೆ ನಡೀತಿದ್ದೀವಿ ಅಂತ ನಡೆದವರಿಗೆ ಗೊತ್ತಿತ್ತು. ಬುದ್ಧ ಕಾಲಾಮರಿಗೆ ಹೇಳಿದ್ದೂ ಅದನ್ನೇ. ಕೇಳಿಬಂದ ಮಾತು, ಪರಂಪರೆ, ಗುರುವಿನ ಮೇಲಿನ ಗೌರವ, ಇವುಗಳ ಮೇಲೆ ಮಾತ್ರ ಒಪ್ಪಬೇಡಿ, ನಿಮ್ಮ ಅನುಭವದಲ್ಲಿ ತೂಗಿ ನೋಡಿ ಅಂತ.

ಸರ್ಕಾರ, ಬ್ಯಾಂಕುಗಳು ಇದಕ್ಕೆ ಕೊಡೋ ಮದ್ದು "ಹಣಕಾಸು ಸಾಕ್ಷರತೆ." ಯಾರೋ ಬಂದು ಬೋರ್ಡ್ ಮೇಲೆ ಆದಾಯ, ಖರ್ಚು, ಉಳಿತಾಯ ಅಂತ ಮೂರು ಗೆರೆ ಎಳೆದು, ಬಾಳೆಹಣ್ಣು ಬಿಸ್ಕತ್ತು ಕೊಟ್ಟು ಹೋಗ್ತಾರೆ. ದಿನಗೂಲಿಯಲ್ಲಿ ಐದು ಜನರ ಸಂಸಾರ ಸಾಗಿಸೋ ಹೆಂಗಸಿಗೆ ಖರ್ಚಿನ ಪಾಠ! ಅವಳಿಗೆ ಬೇಕಿರೋದು ಲೆಕ್ಕದ ಪಾಠ ಅಲ್ಲ, ಲೆಕ್ಕಕ್ಕೆ ಬೇಕಾದ ಸಂಖ್ಯೆ. ಅದನ್ನ ಕಂಪನಿ ಮುಚ್ಚಿಡುತ್ತೆ.

ಆದ್ದರಿಂದ ನಾವೇ ಮಾಡಬಹುದಾದ ಕೆಲವು ಕೆಲಸ ಹೇಳ್ತೀನಿ.

ಒಂದು. ಹೊಸ ಸಾಲದ ಮೀಟಿಂಗಿಗೆ ಮೊದಲು ನಮ್ಮದೇ ಒಂದು ಮೀಟಿಂಗ್ ಆಗಲಿ, ಏಜೆಂಟ್ ಇಲ್ಲದೆ. ಒಂದು ಮಡಕೆ ಇಡಿ, ಮೇಲೆ ಬಟ್ಟೆ ಮುಚ್ಚಿ. ಪ್ರತಿಯೊಬ್ಬರ ಕೈಗೂ ಒಂದು ಅವರೆಕಾಳು, ಒಂದು ಹುಣಸೆಬೀಜ ಕೊಡಿ. ಈ ಸಾಲ ನನ್ನ ಮನೆಗೆ ಸರಿಹೋಗುತ್ತೆ ಅನ್ನೋರು ಅವರೆಕಾಳು ಹಾಕಲಿ, ಅನುಮಾನ ಇರೋರು ಹುಣಸೆಬೀಜ ಹಾಕಲಿ. ಯಾರದು ಯಾವುದು ಅಂತ ಗೊತ್ತಾಗಬಾರದು. ಆಮೇಲೆ ಸುರಿದು ಎಣಿಸಿ. ಹತ್ತರಲ್ಲಿ ಆರು ಹುಣಸೆಬೀಜ ಬಂದರೆ, ಅನುಮಾನ ಇದ್ದವಳು ನಾನೊಬ್ಬಳೇ ಅಂದ್ಕೊಂಡಿದ್ದ ಆರು ಜನಕ್ಕೂ ಧೈರ್ಯ ಬರುತ್ತೆ. ಬ್ಯಾನರ್ಜಿ ಪ್ರಬಂಧದ ಕಾಯಿಲೆಗೆ ಇದಕ್ಕಿಂತ ಅಗ್ಗದ ಮದ್ದು ನನಗೆ ಕಂಡಿಲ್ಲ.

ಎರಡು. ಮೊದಲು ಸಾಲ ತಗೊಂಡವಳನ್ನ "ಎಷ್ಟು ಬಂತಕ್ಕಾ" ಅಂತ ಕೇಳಬೇಡಿ. "ಒಟ್ಟು ಎಷ್ಟು ಕಟ್ಟಿದೆ" ಅಂತ ಕೇಳಿ. 50,000 ರೂಪಾಯಿ ಸಾಲ, ವರ್ಷಕ್ಕೆ ಶೇ. 24 ಬಡ್ಡಿ, 24 ತಿಂಗಳು ಅಂದ್ರೆ ತಿಂಗಳ ಕಂತು ಸುಮಾರು 2,640 ರೂಪಾಯಿ. ಒಟ್ಟು ಕಟ್ಟೋದು ಸುಮಾರು 63,400. ಇದರ ಮೇಲೆ ಶುಲ್ಕ, ವಿಮೆ ಬೇರೆ. ಮನೆಯ ಆದಾಯ ತಿಂಗಳಿಗೆ 12,000 ಇದ್ದರೆ ಇಂಥ ಎರಡು ಸಾಲಕ್ಕೇ ಉಸಿರು ಕಟ್ಟುತ್ತೆ.

ಮೂರು. ರಿಸರ್ವ್ ಬ್ಯಾಂಕಿನ 2022ರ ನಿಯಮಗಳನ್ನ ಪ್ರತಿ ಕೇರಿಯ ಗೋಡೆ ಮೇಲೆ ಬರೆಸೋಣ. ಮನೆಯವರ ಎಲ್ಲ ಸಾಲದ ಕಂತು ಸೇರಿ ಮನೆಯ ತಿಂಗಳ ಆದಾಯದ ಅರ್ಧ ದಾಟಬಾರದು. ಅಂದ್ರೆ ಮೇಲೆ ಹೇಳಿದ ಮನೆಗೆ ಮೂರನೇ ಸಾಲ ಕೊಟ್ಟ ಕಂಪನಿಯೇ ನಿಯಮ ಮುರಿದ ಹಾಗೆ, ತಗೊಂಡ ಹೆಂಗಸಲ್ಲ. ಮೈಕ್ರೋಫೈನಾನ್ಸ್ ಸಾಲಕ್ಕೆ ಅಡಮಾನ ಕೇಳುವಂತಿಲ್ಲ. ಸಾಲದ ಕಾರ್ಡು ಸಾಲಗಾರರಿಗೆ ಅರ್ಥವಾಗೋ ಭಾಷೆಯಲ್ಲಿ ಇರಬೇಕು. ಬೆಳಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ವಸೂಲಿಗೆ ಫೋನ್ ಮಾಡಿ ಕಾಡುವಂತಿಲ್ಲ. ಕರ್ನಾಟಕ ಸರ್ಕಾರ 2025ರ ಫೆಬ್ರವರಿಯಲ್ಲಿ ತಂದ ಸುಗ್ರೀವಾಜ್ಞೆ ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಅಂತ ಹೇಳಿತು. ಏಜೆಂಟ್ ಬಾಗಿಲಿಗೆ ಬಂದಾಗ ಇದನ್ನ ಓದಿ ಹೇಳೋಕೆ ಕೇರಿಗೆ ಇಬ್ಬರು ಹುಡುಗ ಹುಡುಗಿಯರು ಇದ್ದರೆ ಸಾಕು, ಅವನ ದನಿ ಇಳಿಯುತ್ತೆ.

ನಾಲ್ಕು. ಸೋತವರು ಮಾತಾಡಲಿ. ಏಪ್ರಿಲ್ 14ರ ಜಯಂತಿಗೆ ನಾವು ಗೆದ್ದವರನ್ನ ಕರೆದು ಶಾಲು ಹೊದಿಸ್ತೀವಿ. ಸರಿ, ಹೊದಿಸೋಣ. ಅದೇ ವೇದಿಕೆಯಲ್ಲಿ ಒಂದು ಗಂಟೆ ಚೀಟಿಯಲ್ಲಿ ಕಳಕೊಂಡವರು, ಸಾಲ ತಂದು ಆಟೋ ಕೊಂಡು ಕೈಬಿಟ್ಟವರು, ಶುಂಠಿ ಹಾಕಿ ಮುಳುಗಿದವರು ತಮ್ಮ ಲೆಕ್ಕ ಹೇಳಲಿ. ಗೆದ್ದವರ ಫೋಟೋ ಮಾತ್ರ ಓಡಾಡೋ ಕಡೆ ಮಂದೆ ಹುಟ್ಟುತ್ತೆ. ಸೋಲನ್ನ ನಾಚಿಕೆ ಇಲ್ಲದೆ ಹೇಳೋ ಜಾಗ ಇದ್ದರೆ ಮುಂದಿನ ಹತ್ತು ಮನೆ ಉಳಿಯುತ್ತೆ.

ಇದಿಷ್ಟೂ ಮಾಡಿದರೂ ಸಾಲದ ಅವಶ್ಯಕತೆ ಹೋಗಲ್ಲ. ಮಗಳ ಕಾಲೇಜು ಫೀಸು, ಅತ್ತೆಯ ಆಪರೇಷನ್ನು ಹುಣಸೆಬೀಜದಿಂದ ನಿಲ್ಲಲ್ಲ. ರಾಷ್ಟ್ರೀಕೃತ ಬ್ಯಾಂಕಿನ ಬಾಗಿಲಲ್ಲಿ ಜಾಮೀನು ಕೇಳಿ ವಾಪಸ್ ಕಳಿಸ್ತಾರೆ, ಅಭಿವೃದ್ಧಿ ನಿಗಮದ ಅರ್ಜಿಗೆ ವರ್ಷಗಟ್ಟಲೆ ಉತ್ತರ ಬರಲ್ಲ, ಫೈನಾನ್ಸ್‌ನವನು ಮನೆ ಬಾಗಿಲಿಗೇ ಬಂದು ವಾರದಲ್ಲಿ ದುಡ್ಡು ಕೊಡ್ತಾನೆ. ಅಂಥ ಕಡೆ ಇರೋದು ಒಂದೇ ದಾರಿ. ಒಂದೇ ದಾರಿಯಲ್ಲಿ ಎಲ್ಲರೂ ನಡೆದರೆ ಅದನ್ನ ಮಂದೆ ಅನ್ನೋಕೆ ಬರಲ್ಲ. ಇನ್ನೊಂದು ದಾರಿ ತೆಗೀರಿ ಅಂತ ಕೇಳೋದು ನಮ್ಮ ಹಕ್ಕು. ಕಡಿಮೆ ಬಡ್ಡಿಯ, ಜಾಮೀನಿಲ್ಲದ ಸಾಲ ಬ್ಯಾಂಕುಗಳಿಂದಲೇ ಕೇರಿಗೆ ಬರಬೇಕು, ನಿಗಮದ ಸಾಲ ಅರ್ಜಿ ಹಾಕಿದ ತಿಂಗಳೊಳಗೆ ಸಿಗಬೇಕು. ತಾಲೂಕು ಕಚೇರಿ ಮುಂದೆ ಮುಂದಿನ ಧರಣಿ ಕೂತಾಗ ಈ ಎರಡು ಬೇಡಿಕೆ ಮನವಿಪತ್ರದ ಮೊದಲ ಪುಟದಲ್ಲೇ ಇರಲಿ.

ನಮ್ಮ ಹುಡುಗರಿಗೆ ಕೊನೆಯದಾಗಿ ಒಂದು ಮಾತು. ನಿಮ್ಮವ್ವ ಸಾಲದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ ದಿನ ನೀವು ಎಲ್ಲಿದ್ದಿರಿ? ಬಹುಶಃ ಆ ದುಡ್ಡಲ್ಲೇ ಫೀಸು ಕಟ್ಟಿದ ಕಾಲೇಜಲ್ಲಿ. ಈ ಭಾನುವಾರ ಊರಿಗೆ ಹೋಗಿ, ಆ ಕಾರ್ಡು ಕೇಳಿ ಇಸ್ಕೊಳ್ಳಿ, ಪಕ್ಕ ಕೂತು ಓದಿ ಹೇಳಿ. ಮಡಕೆ, ಬೀಜದ ಪ್ರಯೋಗ ಯಾರಾದರೂ ಮಾಡಿದರೆ ಏನಾಯ್ತು ಅಂತ ಇಲ್ಲಿ ಬರೀರಿ.

ಜೈ ಭೀಮ್.